ಪಾಸ್ಟ್ ಟೆನ್ಸ್‌ನ್ಯಾಗ ಫ್ರೇಸಲ್ ವರ್ಬ್: "ಟರ್ನ್ಡ್ ಆಫ್ ಇಟ್" ಯಾಕ ತಪ್ಪು?

ಗಂಗಾವತಿ_ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ಎಸ್‌ಎಸ್‌ಸಿಗೆ (ಕೇಂದ್ರ ಸರಕಾರದ ನೌಕರಿ ಪರೀಕ್ಷೆ) ಓದಾಕತ್ತೀನಿ, ಮ್ಯಾಥ್ಸು ರೀಸನಿಂಗು ಏನೂ ತ್ರಾಸಿಲ್ಲ, ಇಂಗ್ಲಿಷ್‌ನ್ಯಾಗ ಈ ಫ್ರೇಸಲ್ ವರ್ಬ್ (ವರ್ಬಿಗೆ ಅಪ್, ಆಫ್ ಅಂಥ ಸಣ್ಣ ಪದ ಜೋಡಿಸಿದ್ದು) ಬಂದ್ವು ಅಂದ್ರ ಸಾಕು ಮಾರ್ಕ್ಸ್ ಹೋಗ್ತಾವ. ಅದರಾಗೂ ಪಾಸ್ಟ್ ಟೆನ್ಸ್ ಇದ್ರ ಯಾವುದಕ್ಕ ಇಡಿ (-ed) ಹಚ್ಚಬೇಕು, ಪ್ರಿಪೊಸಿಷನ್ ಎಲ್ಲಿ ಇಡಬೇಕು ಅನ್ನೋದ ತಿಳೀವಲ್ದು. ಮಾಕ್ ಟೆಸ್ಟ್‌ನ್ಯಾಗ ತಪ್ಪು ಬಂದಾವು ಇವು:

"ಮೈ ಫಾದರ್ ಟರ್ನ್ಡ್ ಆಫ್ ಇಟ್ ಲಾಸ್ಟ್ ನೈಟ್" (ಪಂಪ್‌ಸೆಟ್ ಬಗ್ಗೆ)
"ಶಿ ಲುಕ್ಡ್ ಹಿಮ್ ಆಫ್ಟರ್"
"ಡಿಡ್ ಯು ಪಿಕ್ಡ್ ಅಪ್ ದಿ ಪಾರ್ಸೆಲ್?"
"ವಿ ರ್‍ಯಾನ್ ಔಟ್ ಪೆಟ್ರೋಲ್ ನಿಯರ್ ಮುನಿರಾಬಾದ್"

ಒಂದರಾಗ ಇಟ್ ನಡುವ ಹಾಕು ಅಂತಾರ, ಇನ್ನೊಂದರಾಗ ಹಿಮ್ ನಡುವ ಹಾಕಬ್ಯಾಡ ಅಂತಾರ. ಲಿಸ್ಟ್ ಬಾಯಿಪಾಠ ಮಾಡೋದು ಬಿಟ್ಟು ಬ್ಯಾರೆ ದಾರಿ ಐತೇನ್ರಿ?

ಬಳ್ಳಾರಿ_ಮೇಷ್ಟ್ರು:
ತಮ್ಮಾ, ಈ ನಾಲ್ಕೂ ಬೇರೆ ಬೇರೆ ಕಾರಣಕ್ಕೆ ತಪ್ಪಾಗಿರೋವು, ಎಲ್ಲಕ್ಕೂ ಒಂದೇ ರೂಲ್ ಹುಡುಕಾಕ ಹೋಗಬೇಡ.

ಮೊದಲು ಟೆನ್ಸ್ ಎಲ್ಲಿ ಕೂಡ್ತೈತೆ ನೋಡು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟು ಚೈನ್ ಕಿತ್ತು ಕೊಚ್ಚಿಕೊಂಡು ಹೋಯ್ತಲ್ಲ, ಆ ಮಾತನ್ನೇ ತಗೋ. "ಕೊಚ್ಚಿಕೊಂಡು ಹೋಯ್ತು" ಅಂದಾಗ ಆಗಿ ಹೋದದ್ದು ಅಂತ ಹೇಳೋದು ಕೊನೇ ಮಾತು, "ಹೋಯ್ತು". ಎದ್ದು ಬಿಟ್ಟ, ಒಡೆದು ಹಾಕಿದ, ಎಲ್ಲಾ ಹಂಗೇ, ಕಾಲ ಬಾಲದಾಗ ಇರ್ತೈತೆ. ಇಂಗ್ಲಿಷ್‌ನಾಗ ಉಲ್ಟಾ, "ದಿ ವಾಟರ್ ವಾಷ್ಡ್ ಇಟ್ ಅವೇ", ಬದಲಾಗಿದ್ದು ವಾಷ್ ಒಂದೇ, ಅವೇ ಅನ್ನೋದು ಯಾವ ಟೆನ್ಸ್ ಬಂದ್ರೂ ಅಲುಗಾಡಂಗಿಲ್ಲ. ಗೇಟಿಂದ ಶುರು ಮಾಡಿದ್ರೆ "ದಿ ಗೇಟ್ ವಾಸ್ ವಾಷ್ಡ್ ಅವೇ ಬೈ ದಿ ವಾಟರ್". ಇಲ್ಲಿ ಅವೇ, ಬೈ ಎರಡೂ ಅಕ್ಕಪಕ್ಕ ಬಂದಾವೆ ಆದ್ರೆ ಅವೇ ಹಿಂದಿನ ವಾಷ್ಡ್‌ಗೆ ಸೇರಿದ್ದು, ಬೈ ಮುಂದಿನ ವಾಟರ್‌ಗೆ ಸೇರಿದ್ದು, ನಮ್ಮ "ನೀರಿನಿಂದ" ಅನ್ನೋದ್ರಾಗಿನ "ಇಂದ" ಇದ್ದಂಗೆ. ಎರಡು ಸಣ್ಣ ಪದ ಒಟ್ಟಿಗೆ ಬಂದಾಗೆಲ್ಲ ಯಾವುದು ಯಾರಿಗೆ ಸೇರಿದ್ದು ಅಂತ ಮೊದಲು ಕೇಳ್ಕೋ, ಅರ್ಧ ಗೊಂದಲ ಅಲ್ಲೇ ಹೋಗ್ತೈತೆ.

ಮೂರನೇದು ಸರಳ. ಡಿಡ್ ಬಂತಂದ್ರೆ ಪಾಸ್ಟ್ ಅದ್ರಾಗೇ ಬಂದಾಯ್ತು, ಮತ್ತೆ ಇಡಿ ಯಾಕೆ? "ಡಿಡ್ ಯು ಪಿಕ್ ಅಪ್ ದಿ ಪಾರ್ಸೆಲ್".

ಇನ್ನು ನಿನ್ನ ಅಸಲಿ ಪ್ರಶ್ನೆ. ಅಟ್, ಫಾರ್, ಫ್ರಮ್, ಆಫ್ಟರ್, ವಿತ್, ಇನ್‌ಟು ಇವು ಇಂಥ ಜೋಡಿಯಾಗ ಪ್ರಿಪೊಸಿಷನ್ನೇ, ಇವುಗಳ ಮುಂದೆ ನಾಮಪದ ಇಲ್ಲಾ ಹಿಮ್, ಇಟ್ ಅಂಥ ಸರ್ವನಾಮ ಬರ್ತೈತೆ. ಅದಕ್ಕೇ "ಲುಕ್ಡ್ ಆಫ್ಟರ್ ಹಿಮ್", "ಲುಕ್ಡ್ ಅಟ್ ಇಟ್", ನಡುವೆ ಏನೂ ತೂರಿಸಂಗಿಲ್ಲ. ಅವೇ, ಬ್ಯಾಕ್ ಇವು ಅಡ್ವರ್ಬ್. ಅಪ್, ಡೌನ್, ಆನ್, ಆಫ್, ಔಟ್ ಅದಾವಲ್ಲ, ಇವು ಎರಡೂ ಕಡೆ ಆಡ್ತಾವೆ, ಜೀವ ತಿನ್ನೋವು ಇವೇ. ಅಂಥಲ್ಲಿ ಹಿಂಗೆ ನೋಡು: ಅಪ್ಪ ಮೋಟರ್ ಬಂದ್ ಮಾಡಿದ ಮ್ಯಾಲೆ "ದಿ ಮೋಟರ್ ಈಸ್ ಆಫ್" ಅನ್ನಬಹುದು, ಅರ್ಥ ಸರಿ ಕೂಡ್ತೈತೆ. ಅಂದ್ರೆ ಆ ಆಫ್ ಮೋಟರಿನ ಸ್ಥಿತಿ ಹೇಳ್ತೈತೆ, ಅದು ಅಡ್ವರ್ಬ್. ಆಗ "ಟರ್ನ್ಡ್ ಆಫ್ ದಿ ಮೋಟರ್", "ಟರ್ನ್ಡ್ ದಿ ಮೋಟರ್ ಆಫ್" ಎರಡೂ ನಡೀತಾವೆ, ಆದ್ರೆ ಇಟ್, ದೆಮ್, ಹಿಮ್ ಬಂದ್ರೆ ನಡುವೇನೇ ಬರಬೇಕು, "ಟರ್ನ್ಡ್ ಇಟ್ ಆಫ್". ಈ ಪರೀಕ್ಷೆ ನೂರಕ್ಕೆ ನೂರು ಕೆಲಸ ಮಾಡಂಗಿಲ್ಲ, "ಗೇವ್ ಇಟ್ ಅಪ್" ಅಂಥವಕ್ಕೆ ಹೊಂದಂಗಿಲ್ಲ, ಆದ್ರೂ ದಿನಬಳಕೆಯ ಭಾಳಷ್ಟಕ್ಕೆ ಸಾಕು.

ಇನ್ನೊಂದು ನೋಡು, "ಹಿ ರ್‍ಯಾನ್ ಅಪ್ ದಿ ಸ್ಟೆಪ್ಸ್" ಅಂದ್ರೆ ಅಂಜನಾದ್ರಿ ಮೆಟ್ಟಿಲು ಓಡಿ ಹತ್ತಿದ. "ಹಿ ರ್‍ಯಾನ್ ಅಪ್ ಎ ಬಿಲ್" ಅಂದ್ರೆ ಬಿಲ್ ಏರಿಸಿಕೊಂಡ. ಮೊದಲನೇದ್ರಾಗ "ಅಪ್ ದಿ ಸ್ಟೆಪ್ಸ್ ಹಿ ರ್‍ಯಾನ್" ಅಂತ ಮುಂದಕ್ಕೆ ಎಳೀಬಹುದು, ಬಿಲ್ ಜೊತೆ ಹಂಗೆ ಎಳೆಯಾಕ ಬರಂಗಿಲ್ಲ, ಅಲ್ಲಿ ಅಪ್ಪು ರ್‍ಯಾನ್‌ಗೇ ಅಂಟಿಕೊಂಡೈತೆ.

ಪೆಟ್ರೋಲಿಂದು: "ದಿ ಪೆಟ್ರೋಲ್ ರ್‍ಯಾನ್ ಔಟ್", ಪೆಟ್ರೋಲೇ ಕರ್ತೃ ಆದ್ರೆ ಅಷ್ಟೇ ಸಾಕು. ಕರ್ತೃ ನಾವಾದ್ರೆ ಏನು ಖಾಲಿ ಆಯ್ತು ಅಂತ ಹೇಳಾಕ ಇನ್ನೊಂದು ಕೊಂಡಿ ಬೇಕು, "ವಿ ರ್‍ಯಾನ್ ಔಟ್ ಆಫ್ (of) ಪೆಟ್ರೋಲ್".

ರಾಯಚೂರು_ಓದು:
ಸರ್ ಭಾಳ ಚಂದ ಹೇಳೀರಿ. ನಂದೂ ಎರಡು ಡೌಟ್ ಅವ. ಬಸ್ಸಿಂದ ಇಳಿದೆ ಅನ್ನಾಕ ನಾವೆಲ್ಲ "ಗಾಟ್ ಡೌನ್ ಫ್ರಮ್ ದಿ ಬಸ್" ಅಂತೀವಿ, ಪುಸ್ತಕದಾಗ "ಗಾಟ್ ಆಫ್ ದಿ ಬಸ್" ಅಂತ ಅದ. ಅಲ್ಲಿ ಬಸ್ ಬದಲಿಗೆ ಇಟ್ ಹಾಕಿದ್ರ ನಡುವ ಬರ್ತದೇನು? ಮತ್ತ "ಲೇ ಡೌನ್", "ಲೇಡ್ ಡೌನ್" ಯಾವುದು ಖರೆ?

ಬಳ್ಳಾರಿ_ಮೇಷ್ಟ್ರು:
ನಡುವೆ ಬರಂಗಿಲ್ಲಮ್ಮ. ನೀವು ಇಳಿದ್ರೆ "ಬಸ್ ಈಸ್ ಆಫ್" ಆಗ್ತೈತೇನು? ಇಲ್ಲ. ಅಲ್ಲಿ ಆಫ್ ಪ್ರಿಪೊಸಿಷನ್ನು, "ಐ ಗಾಟ್ ಆಫ್ ಇಟ್ ಅಟ್ ಕೊಪ್ಪಳ". ಕಾರಿಗೆ ಮಾತ್ರ "ಗಾಟ್ ಔಟ್ ಆಫ್ (of)". "ಗಾಟ್ ಡೌನ್" ನಮ್ಮ ದೇಶದ ಇಂಗ್ಲಿಷ್, ಕಂಡಕ್ಟರಿಂದ ಹಿಡಿದು ಕಾಲೇಜ್ ಲೆಕ್ಚರರ್ ತನಕ ಎಲ್ಲರೂ ಅಂತಾರೆ, ಮಾತಾಡುವಾಗ ನಾಚಿಕೊಳ್ಳಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ, ಪರೀಕ್ಷೆಯಾಗ ಮಾತ್ರ "ಗಾಟ್ ಆಫ್ (off)" ಬರೀರಿ.

ಎರಡನೇದು ಇಂಗ್ಲಿಷಿನೋರೂ ಎಡವೋ ಜಾಗ. ಲೈ ಡೌನ್ ಅಂದ್ರೆ ಅಡ್ಡಾಗೋದು, ಅದರ ಪಾಸ್ಟೇ ಲೇ ಡೌನ್: "ಐ ಲೇ ಡೌನ್ ಆಫ್ಟರ್ ಲಂಚ್". ಲೇ ಅನ್ನೋ ಬೇರೆ ವರ್ಬೇ ಐತೆ, ಏನಾದ್ರೂ ಕೆಳಗೆ ಇಡೋದು, ಅದರ ಪಾಸ್ಟು ಲೇಡ್: "ಹಿ ಲೇಡ್ ದಿ ಬ್ಯಾಗ್ ಡೌನ್ ಆನ್ ದಿ ಫ್ಲೋರ್". ಇಟ್ಟ ಸಾಮಾನು ವಾಕ್ಯದಾಗ ಇದ್ರೆ ಲೇಡ್, ಇಲ್ಲಾಂದ್ರೆ ಲೇ.

ಕೇಳೋದ್ರ ಬಗ್ಗೆನೂ ಒಂದು ಮಾತು. ಪಿಕ್ಡ್ ಅಪ್ ಅನ್ನೋದು ಮಾತಿನಾಗ "ಪಿಕ್ಟಪ್" ಅಂತ, ಟರ್ನ್ಡ್ ಆಫ್ "ಟರ್ನ್ಡಾಫ್" ಅಂತ ಕೇಳ್ತೈತೆ, ಆ ಇಡಿ ಮುಂದಿನ ಪದದ ಸ್ವರಕ್ಕೆ ಸೇರಿಬಿಡ್ತೈತೆ. ಕಿವಿಗೆ ಬೀಳದ್ದು ಕೈಗೂ ಬರಂಗಿಲ್ಲ, ನಮ್ಮ ಹುಡುಗರು "ಯೆಸ್ಟರ್‌ಡೇ ಐ ಪಿಕ್ ಅಪ್" ಅಂತ ಬರೆಯೋದಕ್ಕೆ ಅರ್ಧ ಕಾರಣ ಇದೇ. ಅದಕ್ಕೇ ಜೋಡಿಯನ್ನ ಕೂಡಿಸಿ ಜೋರಾಗಿ ಓದ್ರಿ.

ಗಂಗಾವತಿ_ಹುಡುಗ:
ಸರ್, ಮೂರು ವಾಕ್ಯ ಬರದೀನಿ, ನೋಡ್ರಿ.
"ದಿ ಪವರ್ ಕೇಮ್ ಬ್ಯಾಕ್ ಅಟ್ ಟೆನ್ ಅಂಡ್ ಮೈ ಫಾದರ್ ಟರ್ನ್ಡ್ ಇಟ್ ಆನ್"
"ಹಿ ವಾಸ್ ಲುಕ್ಡ್ ಆಫ್ಟರ್ ಬೈ ಹಿಸ್ ಗ್ರ್ಯಾಂಡ್‌ಮದರ್"
"ಐ ಲುಕ್ಡ್ ಫಾರ್ವರ್ಡ್ ಟು ಮೀಟ್ ಹಿಮ್"

ಬಳ್ಳಾರಿ_ಮೇಷ್ಟ್ರು:
ಎರಡನೇದು ಶಭಾಷ್, ಹಿಮ್ ವಾಕ್ಯದ ಮೊದಲಿಗೆ ಹೋಗಿ ಹಿ ಆದ್ರೂ ಆಫ್ಟರ್ ಲುಕ್ಡ್ ಜೊತೆಗೇ ಉಳೀತೈತೆ, ಆ ಆಫ್ಟರ್ ಬೈ ಜೋಡಿಯಾಗ ಒಂದನ್ನ ನುಂಗಿಬಿಡೋರೇ ಜಾಸ್ತಿ. ಮೊದಲನೇದ್ರಾಗ ಇಟ್ ಅಂದ್ರೆ ಪವರ್ ಅಂತ ತಿಳೀತೈತೆ, "ಟರ್ನ್ಡ್ ದಿ ಮೋಟರ್ ಆನ್" ಅಂತ ಬಿಡಿಸಿ ಬರಿ. ಮೂರನೇದು "ಲುಕ್ಡ್ ಫಾರ್ವರ್ಡ್ ಟು ಮೀಟಿಂಗ್ ಹಿಮ್". ಅಲ್ಲಿನ ಟು ಪ್ರಿಪೊಸಿಷನ್ನು, ಅದರ ಮುಂದೆ ಕ್ರಿಯೆ ಬಂದ್ರೆ ಐಎನ್‌ಜಿ ಹಚ್ಚಬೇಕು, "ಗೇವ್ ಅಪ್ ಸ್ಮೋಕಿಂಗ್" ಅಂತೀವಲ್ಲ, ಅಲ್ಲೂ ಐಎನ್‌ಜಿನೇ. ನಾಳೆ "ಪುಟ್ ಅಪ್ ವಿತ್", "ಗಾಟ್ ಅವೇ ವಿತ್", "ಕೇಮ್ ಅಪ್ ವಿತ್" ಮೂರರಾಗೂ ಒಂದೊಂದು ವಾಕ್ಯ ಹಾಕು, ನೋಡ್ತೀನಿ. ಪುಟ್ ಪಾಸ್ಟ್‌ನಾಗೂ ಪುಟ್ಟೇ, ಅದಕ್ಕೆ ಇಡಿ ಹಚ್ಚಬೇಡ.