ಊಟದ ಇನ್ಸುಲಿನ್: ರಕ್ತದ ಸಕ್ಕರೆ 3:30ಕ್ಕೆ 258, 5:30ಕ್ಕೆ 61. ಎಲ್ಲಿ ತಪ್ಪುತ್ತಿದೆ?

ಕೆರೆದಂಡೆ:
ಅಪ್ಪನಿಗೆ 68 ವರ್ಷ. ರಾತ್ರಿ ನಿಧಾನದ ಇನ್ಸುಲಿನ್ ಗ್ಲಾರ್ಜಿನ್, ಊಟಕ್ಕೆ ಬೇಗ ಕೆಲಸ ಮಾಡುವ ಆಸ್ಪಾರ್ಟ್ ಪೆನ್ನಲ್ಲಿ 8 ಯೂನಿಟ್. ನಿನ್ನೆ 2 ಗಂಟೆಗೆ ಚುಚ್ಚಿಕೊಂಡು ಮುದ್ದೆ, ಅನ್ನ ಉಂಡರು. 3:30ಕ್ಕೆ 258 ಇತ್ತು, ಇನ್ನೂ 4 ಯೂನಿಟ್ ಹಾಕಿದ್ವಿ. 5:30ಕ್ಕೆ ಬೆವರು, ಕೈನಡುಕ, ನೋಡಿದರೆ 61. ವಾರಕ್ಕೆ ಎರಡು ಸಲ ಹೀಗೇ. 8ನ್ನು 6 ಮಾಡಲಾ?

ಮಿಣುಕುಹುಳ:
ತೊಂದರೆ ಆ 4 ಯೂನಿಟ್ಟಿನದು. ಆಸ್ಪಾರ್ಟ್ 10–15 ನಿಮಿಷಕ್ಕೆ ಶುರುವಾಗಿ, 1–2 ಗಂಟೆಗೆ ಜೋರಾಗಿ, 3ರಿಂದ 5 ಗಂಟೆ ಇರುತ್ತದೆ. 3:30ಕ್ಕೆ ಮೊದಲ ಡೋಸು ಇನ್ನೂ ಕೆಲಸದಲ್ಲೇ ಇತ್ತು, ಅದರ ಮೇಲೆ ನೀವು ಇನ್ನೊಂದು ಪೇರಿಸಿದಿರಿ. 4 ಗಂಟೆಯೊಳಗೆ ವೈದ್ಯರು ಹೇಳದೆ ಮರುಡೋಸ್ ಬೇಡ. 8ನ್ನೂ ನೀವಾಗಿ ಬದಲಿಸಬೇಡಿ. ಆದರೆ ವಾರಕ್ಕೆರಡು ಸಲ ಲೋ (ಸಕ್ಕರೆ ಕುಸಿಯುವುದು) ಸಣ್ಣ ಮಾತಲ್ಲ, ಇವತ್ತೇ ಅವರಿಗೆ ಫೋನ್ ಮಾಡಿ.

ಲೋ ಆದಾಗ ಏನು ಕೊಟ್ಟಿರಿ?

ಕೆರೆದಂಡೆ:
ರವೆ ಉಂಡೆ.

ಮಿಣುಕುಹುಳ:
ಅದರ ತುಪ್ಪ ಸಕ್ಕರೆಯನ್ನು ರಕ್ತಕ್ಕೆ ಬೇಗ ಬಿಡುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಅಷ್ಟೇ ಇನ್ನೊಮ್ಮೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಹಳೇಪೆನ್ನು:
3:30ರ 258ಕ್ಕೂ ಕಾರಣ ಬೇಕಲ್ಲ. ಸೂಜಿ ಪೆನ್ನಲ್ಲೇ ಇರುತ್ತಾ? ಚುಚ್ಚುವ ಮೊದಲು 2 ಯೂನಿಟ್ ಹೊರಬಿಟ್ಟು ಹನಿ ಬಂತಾ ನೋಡುತ್ತೀರಾ? ಹೊಟ್ಟೆ ಸವರಿದರೆ ಗಂಟು ಸಿಗುತ್ತಾ?

ಕೆರೆದಂಡೆ:
ಸೂಜಿ ತೆಗೆಯಲ್ಲ. ಹನಿ ನೋಡೋದು ಗೊತ್ತಿರಲಿಲ್ಲ. ಹೊಕ್ಕುಳಿನ ಬಲಕ್ಕೆ ಮೆತ್ತನೆ ಗಂಟಿದೆ ಸರ್, ಅಲ್ಲಿ ನೋಯಲ್ಲ ಅಂತ ಅಲ್ಲೇ ಚುಚ್ಚಿಕೊಳ್ತಾರೆ.

ಹಳೇಪೆನ್ನು:
ಸಿಕ್ಕಿತು. ಗಂಟಿನಲ್ಲಿ ಇನ್ಸುಲಿನ್ ಒಂದು ದಿನ ತಡವಾಗಿ, ಇನ್ನೊಂದು ದಿನ ಬೇಗ ರಕ್ತಕ್ಕೆ ಸೇರುತ್ತದೆ. ಜಾಗ ಬದಲಿಸಲೇಬೇಕು, ಹಿಂದಿನ ಚುಚ್ಚಿನಿಂದ ಒಂದು ಬೆರಳಗಲ ದೂರ. ಆದರೆ ಹುಷಾರು: ಒಳ್ಳೆಯ ಚರ್ಮದಲ್ಲಿ ಅದೇ 8 ಯೂನಿಟ್ ಜಾಸ್ತಿಯಾಗಬಹುದು. ವೈದ್ಯರಿಗೆ ಗಂಟಿನ ವಿಷಯ ಮೊದಲು ಹೇಳಿ, ಡೋಸ್ ಕೇಳಿಕೊಂಡೇ ಜಾಗ ಬದಲಿಸಿ.

ಸೂಜಿ ಪೆನ್ನಲ್ಲೇ ಬಿಟ್ಟರೆ ಮದ್ದಿನ ಕೊಳವೆಗೆ, ಅಂದರೆ ಕಾರ್ಟ್ರಿಜ್‌ಗೆ ಗಾಳಿ ಹೋಗುತ್ತದೆ, ಮದ್ದೂ ಸೋರುತ್ತದೆ. ಪ್ರತಿ ಸಲ ಹೊಸ ಸೂಜಿ, 2 ಯೂನಿಟ್ ಹನಿ, ಆಮೇಲೆ ಡೋಸ್. ಬಟನ್ ಪೂರ್ತಿ ಒತ್ತಿ ಹತ್ತರವರೆಗೆ ಎಣಿಸಿ ಹೊರತೆಗೆಯಿರಿ. ತೆರೆದ ಪೆನ್ 28 ದಿನಕ್ಕೆ ಮುಗಿಯಿತು. ಪೆನ್ ಕೆಟ್ಟರೂ ಕಾರ್ಟ್ರಿಜ್‌ನಿಂದ 40ರ (ಮಿಲಿಗೆ 40 ಯೂನಿಟ್ ಗುರುತಿನ) ಸಿರಿಂಜಿಗೆ ಎಳೆಯಬೇಡಿ. ಒಳಗಿರುವುದು ಮಿಲಿಗೆ 100 ಯೂನಿಟ್ಟಿನದು, ಎರಡೂವರೆ ಪಟ್ಟು ಹೋಗಿಬಿಡುತ್ತದೆ.

ಮಿಣುಕುಹುಳ:
ಇನ್ನೊಂದು. ಮದುವೆ ಮನೆಯಲ್ಲಿ ಪಂಕ್ತಿ ತಡವಾಗುವುದು ಇದ್ದದ್ದೇ. ಎಲೆಗೆ ಅನ್ನ ಬಿದ್ದ ಮೇಲೆಯೇ ಚುಚ್ಚಿಕೊಳ್ಳಲಿ.