ಅಳಲು, ಶೋಕ, ಬೇಗುದಿ: ಈ ಆಲ್ಬಂಗೆ ಯಾವುದು ಹೊಂದುತ್ತದೆ?

ನಮಸ್ಕಾರ. ಮೂರ್ ಮದರ್ ಅವರ ‘ಫೆಟಿಶ್ ಬೋನ್ಸ್’ (2016) ಆಲ್ಬಂ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಗ್ರೀಫ್’ (ಸತ್ತವರಿಗಾಗಿ ಪಡುವ ದುಃಖ) ಅನ್ನುವ ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕುವಲ್ಲಿ ತಡವರಿಸುತ್ತಿದ್ದೇನೆ, ನಿಮ್ಮ ಸಹಾಯ ಬೇಕು.

ಮೂರ್ ಮದರ್ ಅಂದರೆ ಫಿಲಡೆಲ್ಫಿಯಾದ ಕವಿ, ಸಂಗೀತಗಾರ್ತಿ ಕಮೇ ಅಯೇವಾ. ಇದರಲ್ಲಿ ಕವಿತೆ, ರ‍್ಯಾಪ್, ಕಿವಿ ಕೊರೆಯುವ ನಾಯ್ಸ್ ಎಲ್ಲ ಕಲೆತುಹೋಗಿವೆ. ಮೊದಲ ಹಾಡಿನಲ್ಲಿ ಮಾತಾಡುವವಳ ಮೈಯಿಂದ 1866ರಿಂದಲೂ ರಕ್ತ ಸುರಿಯುತ್ತಿದೆ. ಮೆಂಫಿಸ್‌ನಲ್ಲಿ ಕಪ್ಪು ಜನರ ಮೇಲೆ ದಾಳಿಯಾದ ವರ್ಷ ಅದು. ಅದೇ ಮೈಯನ್ನು ಎಳೆದುಕೊಂಡು ಅವಳು 1919ಕ್ಕೆ ಬರುತ್ತಾಳೆ. ಆ ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದವು. ಅಲ್ಲಿಗೂ ಅವಳ ದಾರಿ ಮುಗಿಯುವುದಿಲ್ಲ. ದಬ್ಬಾಳಿಕೆ ಎಲ್ಲಿ ಮುಗಿಯಿತು, ದುಃಖ ಎಲ್ಲಿ ಶುರುವಾಯಿತು ಅಂತ ಬಿಡಿಸಿ ಹೇಳಲು ಆಗುವುದೇ ಇಲ್ಲ.

‘ಅಪ್ರೆಷನ್’ಗೆ ‘ದಬ್ಬಾಳಿಕೆ’ ಸರಿಯಾಗಿಯೇ ಇದೆ. ‘ಶೋಷಣೆ’ ಅಂದರೆ ದುಡಿಸಿಕೊಂಡು ಹೀರುವುದೇ ಮುಂದೆ ಬರುತ್ತದೆ, ಇಲ್ಲಿ ಕೊಲೆಯೇ ನಡೆದಿದೆ. ‘ಡಾರ್ಕ್’ಗೆ ‘ಕರಾಳ’ ಬೇಡ ಅನ್ನಿಸಿತು, ಪತ್ರಿಕೆಗಳ ‘ಕರಾಳ ದಿನ’ ನೆನಪಾಗುತ್ತದೆ. ‘ಕತ್ತಲು ಕವಿದ’ ಅಂದಿದ್ದೇನೆ.

ಕಷ್ಟ ಇರುವುದು ದುಃಖದ ಪದದಲ್ಲಿ. ‘ಅಳಲು’ ನನಗೆ ತುಂಬಾ ಇಷ್ಟದ ಪದ. ಹಳಗನ್ನಡದಲ್ಲಿ ಅದು ನಿಜವಾದ ಶೋಕವೇ. ಈಗ ‘ಅಧಿಕಾರಿಗಳ ಮುಂದೆ ಅಳಲು ತೋಡಿಕೊಂಡರು’ ಅಂತ ಓದಿ ಓದಿ ಅದು ಅಹವಾಲಿನಂತೆ ಕೇಳಿಸುತ್ತದೆ, ಅಲ್ವಾ? ಈ ಹಾಡುಗಾರ್ತಿ ಯಾರ ಮುಂದೆಯೂ ಅಹವಾಲು ಇಟ್ಟಿಲ್ಲ. ‘ಶೋಕ’ ಅಂದರೆ ಬಾವುಟ ಅರ್ಧಕ್ಕೆ ಇಳಿಸಿ ಮೌನವಾಗಿ ನಿಂತಂತೆ. ಈ ಆಲ್ಬಂನಲ್ಲಿ ಮೌನ ಕಡಿಮೆ. ‘ಗೋಳು’ ಹತ್ತಿರ ಬರುತ್ತದೆ, ಆದರೆ ‘ಯಾವಾಗಲೂ ಅವರದ್ದೇ ಗೋಳು’ ಅನ್ನುವ ತಾತ್ಸಾರವೂ ಜೊತೆಗೇ ಬಂದುಬಿಡುತ್ತದೆ. ಅದನ್ನು ಇವರಿಗೆ ಹಚ್ಚಲು ನನಗೆ ಸುತರಾಂ ಮನಸ್ಸಿಲ್ಲ.

ಸದ್ಯಕ್ಕೆ ‘ಬೇಗುದಿ’ ಅಂತ ಬರೆದಿದ್ದೇನೆ. ಅದರಲ್ಲಿ ಬೇಯುವುದೂ ಇದೆ, ಕುದಿಯುವುದೂ ಇದೆ. ನೋವು, ಸಿಟ್ಟು ಎರಡೂ ಒಂದೇ ಪದದಲ್ಲಿ ನಿಲ್ಲುತ್ತವೆ. ಆದರೆ ‘ಮನದ ಬೇಗುದಿ’ ಅಂದಾಗ ಒಬ್ಬರ ಒಳಗಿನ ಸಂಕಟ ಅಂತಲೇ ಜಾಸ್ತಿ ಅನ್ನಿಸುತ್ತದೆ. ಇಲ್ಲಿರುವುದು ಒಂದಿಡೀ ಸಮುದಾಯದ ಸಾವುಗಳ ನೋವು.

ಇನ್ನೊಂದು ಸಣ್ಣ ವಿಷಯ. ಇದನ್ನು ‘ಚೊಚ್ಚಲ ಆಲ್ಬಂ’ ಅನ್ನಬಹುದೇ? ಇದಕ್ಕೂ ಮುಂಚೆ ಅವರು ಇಂಟರ್ನೆಟ್ಟಿನಲ್ಲಿ ಸಾಕಷ್ಟು ಹಾಡು ಬಿಟ್ಟಿದ್ದರು. ‘ಮೊದಲ ಪೂರ್ಣ ಆಲ್ಬಂ’ ಅಂದರೆ ವಾಸಿ ಅನ್ನಿಸುತ್ತಿದೆ.

ಸತ್ತವರಿಗಾಗಿ ಪಡುವ ದುಃಖಕ್ಕೆ, ಅದರಲ್ಲೂ ತುಂಬಾ ಜನರ ದುಃಖಕ್ಕೆ, ‘ಬೇಗುದಿ’ ಬಳಸಿದ್ದನ್ನು ನೀವು ಕೇಳಿದ್ದೀರಾ? ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕಿಂತ ಗಟ್ಟಿ ಪದವಿದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ತಿಳಿಸಿ.