ಪದಚರ್ಚೆ: ‘ಫ್ರೀ ಏಜೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಮಿಶಿಗನ್‌ನಿಂದ

ಗೆಳೆಯರೇ,

ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಬರಹ ಒಪ್ಪಿಕೊಂಡಿದ್ದೇನೆ. ಸೋತು ಸುಣ್ಣವಾದ ತಂಡ ‘ಫ್ರೀ ಏಜೆನ್ಸಿ’ಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದು ವಿಷಯ. ಕಣ್ಣೆದುರಿಗೇ ಡೆಟ್ರಾಯ್ಟ್ ಲಯನ್ಸ್ ಇದೆ. 2008ರಲ್ಲಿ ಆಡಿದ 16 ಪಂದ್ಯಗಳನ್ನೂ ಸೋತ ತಂಡ. 2021ರಲ್ಲೂ ಗೆದ್ದದ್ದು ಮೂರೇ. ಅದೇ ತಂಡ ಲೀಗ್ ಹಂತದಲ್ಲಿ 2023ರಲ್ಲಿ 12 ಪಂದ್ಯ ಗೆದ್ದಿತು, 2024ರಲ್ಲಿ 17ರಲ್ಲಿ 15. ಬರಹ ಮುಕ್ಕಾಲು ಮುಗಿದಿದೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

ಅರ್ಥ ಇಷ್ಟು. ಆಟಗಾರ ನಾಲ್ಕು ಸೀಸನ್ನಾದರೂ ಆಡಿದ್ದಾನೆ, ತಂಡದ ಜೊತೆಗಿದ್ದ ಕರಾರಿನ ಅವಧಿ ತೀರಿದೆ. ಇನ್ನು ಲೀಗಿನ 32 ತಂಡಗಳಲ್ಲಿ ಯಾರು ಕರೆದರೂ ಹೋಗಬಹುದು. ಈ ಬಾಗಿಲು ಪ್ರತಿ ಮಾರ್ಚ್‌ನಲ್ಲಿ ತೆರೆಯುತ್ತದೆ. ಆ ಸ್ಥಿತಿಗೂ ಆ ಸಮಯಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು.

‘ಫ್ರೀ ಏಜೆಂಟ್’ ಅಂತಲೇ ಬರೆದು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. “ಕಮಿಷನ್ ತಗೊಳ್ಳದ ದಲ್ಲಾಳಿನಾ?” ಅಂದರು. ಏಜೆಂಟ್ ಅಂದರೆ ನಮಗೆ ದಲ್ಲಾಳಿಯೇ ಅಲ್ವಾ. ಆಟಗಾರನ ಪರವಾಗಿ ಸಂಬಳ ಮಾತಾಡುವ ಏಜೆಂಟ್ ಬೇರೆ ಇದ್ದಾನೆ, ಅವನೂ ಇದೇ ಬರಹದಲ್ಲಿ ಬರುತ್ತಾನೆ. ಹಾಗಾಗಿ ಆ ಪದ ಬಿಟ್ಟೆ. ‘ಸ್ವತಂತ್ರ ಆಟಗಾರ’, ‘ಮುಕ್ತ ಆಟಗಾರ’ ಹೊಳೆದವು. ಎರಡೂ ಒಗ್ಗುತ್ತಿಲ್ಲ. ಶುಕ್ರವಾರ ಸಂಜೆ ಪುಟ ಕಟ್ಟುತ್ತಾರೆ. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ

‘ಸ್ವತಂತ್ರ ಆಟಗಾರ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಪಾಣಿನಿಯ ಸೂತ್ರ ನೋಡಿ: ‘ಸ್ವತಂತ್ರಃ ಕರ್ತಾ’ (1.4.54). ಇಂಗ್ಲಿಷಿನ ‘ಏಜೆಂಟ್’ ಲ್ಯಾಟಿನ್ನಿನ ‘ಮಾಡು’ ಎಂಬರ್ಥದ ಧಾತುವಿನಿಂದ ಬಂದದ್ದು. ಮಾಡುವವನು, ಅಂದರೆ ಕರ್ತೃ. ‘ಫ್ರೀ’ ಅಂದರೆ ಸ್ವತಂತ್ರ. ಅವರ ಎರಡು ಪದವೂ ಸೂತ್ರದಲ್ಲಿ ಅಕ್ಕಪಕ್ಕ ಕೂತಿವೆ. ‘ತಂತ್ರ’ಕ್ಕೆ ಹಳೆಯ ಅರ್ಥ ಮಗ್ಗ, ಮಗ್ಗದ ಹಾಸು. ತನ್ನ ಹಾಸು ತಾನೇ ಹೂಡುವವನು ಸ್ವತಂತ್ರ, ಇನ್ನೊಬ್ಬರ ಮಗ್ಗಕ್ಕೆ ಕೂತವನು ಪರತಂತ್ರ. ಕರಾರು ಇರುವಷ್ಟು ದಿನ ಆಟಗಾರ ಪರತಂತ್ರ, ಮುಗಿದ ದಿನ ಸ್ವತಂತ್ರ. ಇದಕ್ಕಿಂತ ಚೆನ್ನಾಗಿ ಹೊಂದುವುದು ಸಿಗುವುದಿಲ್ಲ.

‘ಮುಕ್ತ’ ಬೇಡ. ಮುಕ್ತನಾದವನು ಮತ್ತೆ ಬಂಧನಕ್ಕೆ ಬರುವುದಿಲ್ಲ. ಇವನು ಮುಂದಿನ ವಾರವೇ ಬರುತ್ತಾನೆ.

ಶಿವಮೊಗ್ಗದಿಂದ

ಎರಡು ಸಾವಿರ ವರ್ಷದ ಹಿಂದಿನ ಸಕ್ಕದದ ಸೂತ್ರಕ್ಕೂ ಕೂಟದ ಪತ್ರಿಕೆ ಓದುವವರಿಗೂ ಏನು ನಂಟು? ಕನ್ನಡದ್ದೇ ಬೇರಿನಿಂದ ಕಟ್ಟಿ. ‘ಬಿಡಿ’ ಇದೆ, ‘ಆಳು’ ಇದೆ. ಬಿಡಿಯಾಳು. ಯಾವ ತಂಡಕ್ಕೂ ಸೇರದೆ ಬಿಡಿಯಾಗಿ ಇರುವವನು. ಸಮಯಕ್ಕೆ ‘ಬಿಡಿಯಾಳುಗಾಲ’ ಅನ್ನಿ, ಮಳೆಗಾಲ ಬೇಸಿಗೆಗಾಲದ ಹಾಗೆ. ಫುಟ್‌ಬಾಲ್ ಕೂಡ ಬೇಕಿಲ್ಲ, ‘ಕಾಲ್ಚೆಂಡು’ ಸಾಕು.

ಮಿಶಿಗನ್‌ನಿಂದ

ಮೇಷ್ಟ್ರೇ, ಮಗ್ಗದ ಮಾತು ಮನಸ್ಸಿಗೆ ಹಿಡಿಸಿತು. ಆದರೆ ‘ಸ್ವತಂತ್ರ’ ಅಂದ ಕೂಡಲೇ ಓದುವವರಿಗೆ ನೆನಪಾಗೋದು ಸ್ವತಂತ್ರ ಅಭ್ಯರ್ಥಿ. ಪಕ್ಷವೇ ಬೇಡ ಅಂತ ನಿಂತವನು. ನಮ್ಮ ಆಟಗಾರ ತಂಡ ಬೇಡ ಅಂದವನಲ್ಲ, ತಂಡ ಹುಡುಕುತ್ತಿರುವವನು.

ಶಿವಮೊಗ್ಗದವರೇ, ‘ಕಾಲ್ಚೆಂಡು’ ಈ ಆಟಕ್ಕೆ ಸುತರಾಂ ಆಗೋದಿಲ್ಲ. ಇದರಲ್ಲಿ ಚೆಂಡು ಕಾಲಿಗಿಂತ ಕೈಯಲ್ಲೇ ಜಾಸ್ತಿ ಇರುತ್ತದೆ. ‘ಬಿಡಿಯಾಳು’ ಕಿವಿಗೆ ಚೆನ್ನಾಗಿದೆ. ತೊಂದರೆ ಇರುವುದು ಅರ್ಥದಲ್ಲಿ. ಕರಾರಿನ ಅವಧಿ ಮುಗಿದು ಹೊರಬಂದವನೂ ಬಿಡಿ, ಅವಧಿ ಇರುವಾಗಲೇ ತಂಡ ಕೈಬಿಟ್ಟವನೂ ಬಿಡಿ. ಇಂಗ್ಲಿಷಿನಲ್ಲೂ ಇಬ್ಬರಿಗೂ ಒಂದೇ ಹೆಸರು ಓಡುತ್ತದೆ. ಆದರೆ ಸೋತ ತಂಡಕ್ಕೆ ಹೇಳಬೇಕಾದ ಬುದ್ಧಿಮಾತು ಈ ವ್ಯತ್ಯಾಸದ ಮೇಲೇ ನಿಂತಿದೆ.

ಹೇಗೆ ಅಂದರೆ, ಕರಾರು ಮುಗಿದ ನಿಮ್ಮ ಆಟಗಾರರನ್ನು ಬೇರೆಯವರು ಕರೆದುಕೊಂಡು ಹೋದರೆ, ನೀವು ಅಷ್ಟೇ ಜನರನ್ನು ಹೊರಗಿಂದ ತರದಿದ್ದರೆ, ಲೀಗ್ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ನಿಮಗೆ ಹೆಚ್ಚಿನ ಸರದಿ ಕೊಡುತ್ತದೆ. ಮೂರನೇ ಸುತ್ತಿನಿಂದ ಏಳನೇ ಸುತ್ತಿನವರೆಗೆ. ಕಾಲೇಜಿನಿಂದ ಬರುವ ಹುಡುಗರನ್ನು ಆರಿಸುವ ಸರದಿ ಅದು. ಈ ಲೆಕ್ಕಕ್ಕೆ ಬರುವುದು ಕರಾರು ಮುಗಿದವರು ಮಾತ್ರ. ಕೈಬಿಟ್ಟವನನ್ನು ತಂದರೆ ನಿಮ್ಮ ಸರದಿಗೆ ಪೆಟ್ಟಿಲ್ಲ.

ಲಯನ್ಸ್‌ನ ಕೆನ್ನಿ ಗಾಲಡೇ ವಿಷಯವನ್ನೇ ತಗೊಳ್ಳಿ. 2021ರಲ್ಲಿ ಅವರ ಕರಾರು ಮುಗಿಯಿತು. ಒಳ್ಳೆ ರಿಸೀವರ್ (ಪಾಸ್ ಹಿಡಿಯುವ ಆಟಗಾರ), ಆದರೂ ಡೆಟ್ರಾಯ್ಟ್ ಹೋಗಲಿ ಬಿಡು ಅಂತು. ಅವರನ್ನು ಕರೆದದ್ದು ನ್ಯೂಯಾರ್ಕ್ ಜಯಂಟ್ಸ್. ಅದೂ ಹೆಣಗಾಡುತ್ತಿದ್ದ ತಂಡವೇ. ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಮಾತಾಯಿತು. ಎರಡು ಸೀಸನ್‌ನಲ್ಲಿ ಅವರಿಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಗಳಿಸುವ ಅಂಕ). 2023ರ ಮಾರ್ಚ್‌ನಲ್ಲಿ ಕೈಬಿಟ್ಟರು. ಡೆಟ್ರಾಯ್ಟ್‌ಗೆ ಬದಲಿಗೆ 2022ರಲ್ಲಿ ಮೂರನೇ ಸುತ್ತಿನ ಕೊನೆಯಲ್ಲಿ, ಒಟ್ಟು 97ನೇದು, ಒಂದು ಸರದಿ ಬಂತು. ಅದರಲ್ಲಿ ಕರ್ಬಿ ಜೋಸೆಫ್ ಎಂಬ ಹುಡುಗನನ್ನು ಆರಿಸಿದರು. 2024ರಲ್ಲಿ ಇಡೀ ಲೀಗಿನಲ್ಲಿ ಎದುರಾಳಿಗಳ ಪಾಸ್ ಅತಿ ಹೆಚ್ಚು ಸಲ ಕಸಿದವರು ಅವರೇ, ಒಂಬತ್ತು ಸಲ. ಇಲ್ಲಿ ‘ಬಿಡಿಯಾಳು’ ಅಂತ ಬರೆದರೆ ಈ ಕಥೆಯ ಕೀಲೇ ಕಳಚುತ್ತದೆ.

ಶಿವಮೊಗ್ಗದಿಂದ

ಕೀಲು ಕಳಚುವುದಿಲ್ಲ. ‘ಕೈಬಿಟ್ಟಾಳು’ ಅಂತ ಇನ್ನೊಂದು ಕಟ್ಟಿಕೊಳ್ಳಿ.

ಮೈಸೂರಿನಿಂದ

‘ಕೈಬಿಟ್ಟಾಳು’ ಎಂದರೆ ‘ಆಕೆ ಕೈಬಿಟ್ಟಾಳು’ ಎಂದು ಓದುತ್ತಾರೆ. ಬೇಡ.

ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಈ ಆಟ ನಾನು ನೋಡಿದವನಲ್ಲ. ಆದರೆ ನೀವು ಹೇಳುವ ವ್ಯವಹಾರ ನಮ್ಮಲ್ಲಿ ವರ್ಷವರ್ಷವೂ ನಡೆಯುತ್ತದೆ.

ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ವರ್ಷದ ತಿರುಗಾಟ ಮುಗಿಯಿತು ಅಂತ ಲೆಕ್ಕ. ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಅನ್ನೋದು ಮಳೆಗಾಲದಲ್ಲಿ ಮಾತಾಗುತ್ತದೆ. ಯಜಮಾನರು ಮುಂಗಡ ಕೊಡುತ್ತಾರೆ, ಕಲಾವಿದರು ಒಪ್ಪುತ್ತಾರೆ ಇಲ್ಲವೇ ಬಿಡುತ್ತಾರೆ. ನಾವು ಯಾರನ್ನೂ ಸ್ವತಂತ್ರ ಕಲಾವಿದ ಅನ್ನುವುದಿಲ್ಲ. “ಅವರು ಮೇಳ ಬಿಟ್ಟಿದ್ದಾರೆ” ಅನ್ನುತ್ತೇವೆ. ತೆಗೆದುಹಾಕಿದ್ದಾದರೆ “ಅವರನ್ನು ಮೇಳದವರು ಬಿಟ್ಟಿದ್ದಾರೆ” ಅನ್ನುತ್ತೇವೆ. ಕ್ರಿಯಾಪದ ಒಂದೇ, ಯಾರು ಯಾರನ್ನು ಅನ್ನೋದು ತಿರುಗುತ್ತದೆ ಅಷ್ಟೇ. ನಿಮಗೆ ಬೇಕಾದ ವ್ಯತ್ಯಾಸ ಇದೇ ಅಲ್ವಾ? ಹೊಸ ಪದ ಯಾಕೆ ಕಟ್ಟಬೇಕು?

ಇನ್ನೊಂದು ಮಾತು, ಪದದ್ದಲ್ಲ. ಬಿದ್ದ ಮೇಳವನ್ನು ದೊಡ್ಡ ಹೆಸರಿನ ಒಬ್ಬ ವೇಷಧಾರಿ ಎತ್ತಿದ್ದನ್ನು ನಾನು ಕಂಡಿಲ್ಲ. ಮೊದಲು ಹಿಮ್ಮೇಳ ಸರಿಯಾಗಬೇಕು. ಭಾಗವತರು, ಚೆಂಡೆ, ಮದ್ದಳೆ ಗಟ್ಟಿ ಇದ್ದರೆ ಸಾಧಾರಣ ವೇಷವೂ ರಂಗದಲ್ಲಿ ನಿಲ್ಲುತ್ತದೆ.

ಮಿಶಿಗನ್‌ನಿಂದ

ಉಡುಪಿಯವರೇ, ನೀವು ಈ ಆಟ ನೋಡದೆಯೇ ನನ್ನ ಬರಹದ ತಿರುಳು ಹೇಳಿಬಿಟ್ಟಿರಿ. 2009ರಲ್ಲಿ ವಾಷಿಂಗ್ಟನ್ ತಂಡ ಆಲ್ಬರ್ಟ್ ಹೇನ್ಸ್‌ವರ್ತ್ ಎಂಬ ಒಬ್ಬರಿಗೆ ಏಳು ವರ್ಷಕ್ಕೆ 10 ಕೋಟಿ ಡಾಲರ್ ಮಾತು ಕೊಟ್ಟಿತು. ಎರಡೇ ಸೀಸನ್‌ಗೆ ಸಂಬಂಧ ಮುರಿಯಿತು. 2011ರಲ್ಲಿ ಫಿಲಡೆಲ್ಫಿಯಾ ದೊಡ್ಡ ಹೆಸರುಗಳನ್ನೇ ಗುಡ್ಡೆ ಹಾಕಿತು. ಎಂಟು ಗೆದ್ದಿತು, ಎಂಟು ಸೋತಿತು. ಮುಂದಿನ ವರ್ಷ ಬರೀ ನಾಲ್ಕು.

ಎದುರು ಉದಾಹರಣೆಯೂ ಇದೆ, ಅದನ್ನು ಬಚ್ಚಿಡಲಾರೆ. 1993ರಲ್ಲಿ, ಈ ಬಾಗಿಲು ಪೂರ್ತಿ ತೆರೆದ ಮೊದಲ ವರ್ಷವೇ, ದೊಡ್ಡ ಹೆಸರಿನ ರೆಜಿ ವೈಟ್ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್‌ಗೆ ಗ್ರೀನ್ ಬೇ ತಂಡಕ್ಕೆ ಬಂದರು. ಬಹಳ ಕಾಲ ಮಂಕಾಗಿದ್ದ ತಂಡ ಅದು. 1997ರ ಜನವರಿಯಲ್ಲಿ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದಿತು. ಆದರೆ ಅವರು ಬರುವ ಹೊತ್ತಿಗೆ ಅಲ್ಲಿ ಹೋಮ್‌ಗ್ರೆನ್ ಕೋಚ್ ಆಗಿದ್ದರು, ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಫಾರ್ವ್ ಇದ್ದರು. ಹಿಮ್ಮೇಳ ಸಿದ್ಧವಿತ್ತು.

ಲಯನ್ಸ್ 2021ರಲ್ಲಿ ಜಮಾಲ್ ವಿಲಿಯಮ್ಸ್ ಅವರನ್ನು ಕರೆದಾಗ ಯಾರೂ ಪಟಾಕಿ ಹೊಡೆಯಲಿಲ್ಲ. ಮರುವರ್ಷ ಅವರು ಓಡಿ 17 ಟಚ್‌ಡೌನ್ ಗಳಿಸಿ ಬ್ಯಾರಿ ಸ್ಯಾಂಡರ್ಸ್ ಹೆಸರಿನಲ್ಲಿದ್ದ ತಂಡದ ದಾಖಲೆ ಮುರಿದರು. ಸೋತ ತಂಡ ಹುಡುಕಬೇಕಾದ್ದು ಇಂಥವರನ್ನು. ಕಡಿಮೆ ವರ್ಷ, ಕಡಿಮೆ ದುಡ್ಡು, ಕೆಲಸ ಗೊತ್ತಿರುವವರು.

ಹಾಗಾದರೆ ‘ಕರಾರು ಮುಗಿದ ಆಟಗಾರ’, ‘ತಂಡ ಕೈಬಿಟ್ಟ ಆಟಗಾರ’. ಹೀಗೇ ಹಾಕಲೇ? ಇನ್ನೊಂದು ಪದವೂ ಬೇಕು. ಕೈಬಿಟ್ಟ ಮೇಲೂ ಆ ಆಟಗಾರನ ಹೆಸರಿನಲ್ಲಿ ಲೆಕ್ಕಕ್ಕೆ ಬೀಳುವ ಹಣಕ್ಕೆ ಇವರು ‘ಡೆಡ್ ಮನಿ’ ಅನ್ನುತ್ತಾರೆ. ‘ಸತ್ತ ಹಣ’ ಅಂತ ಬರೆಯೋಕೆ ಮನಸ್ಸಿಲ್ಲ.

ಶಿವಮೊಗ್ಗದಿಂದ

ಕರಾರು ಪಾರ್ಸಿ ಕಡೆಯಿಂದ ಬಂದದ್ದು. ‘ಒಪ್ಪು’ ಇಂದ ಆದ ‘ಒಪ್ಪಂದ’ ಕೈಯಲ್ಲೇ ಇದೆ. ಕನ್ನಡದ್ದು ಇರುವಾಗ ಎರವಲು ಯಾಕೆ? ಹೀಗೇ ಒಂದೊಂದೇ ಬಿಟ್ಟುಕೊಟ್ಟು ನಾಳೆ ಬರೀ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದು ಉಳಿಯುತ್ತದೆ. ಇದು ನನಗೆ ಸಣ್ಣ ವಿಷಯ ಅಲ್ಲ.

ಮೈಸೂರಿನಿಂದ

ಅರ್ಜಿ, ಕಾಗದ, ಜಮೀನು, ವಕೀಲ ಇವನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ? ‘ಕರಾರುವಾಕ್ಕಾಗಿ’ ಅನ್ನೋದನ್ನು ಬಿಡುತ್ತೀರಾ? ‘ಸಂಬಳ’ವೂ ಸಂಸ್ಕೃತದ ‘ಶಂಬಲ’, ದಾರಿಗೆ ಕಟ್ಟಿಕೊಂಡ ಬುತ್ತಿ. ಬುತ್ತಿಯನ್ನು ವಾಪಸು ಕೊಡೋಣವೇ?

ನಾನು ಹೇಳುವುದು ಬೇರೆ. ಪತ್ರಿಕೆಗಳು ಬರೆಯುವ ‘ಆಟಗಾರನನ್ನು ಖರೀದಿಸಿದರು’ ಎಂಬುದನ್ನು ಮಾತ್ರ ಬಳಸಬೇಡಿ. ಹರಾಜು, ಖರೀದಿ ದನದ ಜಾತ್ರೆಗೆ ಸರಿ.

ಮಿಶಿಗನ್‌ನಿಂದ

ಮೇಷ್ಟ್ರೇ, ಖರೀದಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಈ ಹಕ್ಕು ಬಂದದ್ದೇ ಆ ಮಾತಿನ ಮೇಲಿನ ಸಿಟ್ಟಿನಿಂದ. ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ 1969ರ ಡಿಸೆಂಬರ್‌ನಲ್ಲಿ ಲೀಗಿನ ಮುಖ್ಯಸ್ಥರಿಗೆ ಕಾಗದ ಬರೆದರು. ನನ್ನ ಇಷ್ಟ ಕೇಳದೆ ಕೊಂಡು ಮಾರಲು ನಾನು ಸೊತ್ತಲ್ಲ ಅನ್ನೋದು ಅದರ ಸಾರ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಬೇಸ್‌ಬಾಲ್‌ನಲ್ಲಿ ಬಾಗಿಲು ತೆರೆದದ್ದು 1975ರ ತೀರ್ಪಿನಿಂದ, ಬೇರೆ ಇಬ್ಬರ ಹೆಸರಿನಲ್ಲಿ. ಅವರ ನೆನಪಿಗಾದರೂ ನಾನು ‘ಕರೆದರು’, ‘ಸೇರಿಸಿಕೊಂಡರು’ ಅಂತಲೇ ಬರೆಯುತ್ತೇನೆ.

ಶಿವಮೊಗ್ಗದವರೇ, ಕರಾರು ಇಟ್ಟುಕೊಳ್ಳುವುದಕ್ಕೆ ಕಾರಣ ಇದೆ. ಒಪ್ಪಂದ ಬಾಯಿಮಾತಿನದ್ದೂ ಆಗಬಹುದು. ಕರಾರು ಅಂದರೆ ಕಾಗದ, ಸಹಿ, ತಾರೀಖು. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹಿಡಿದವರಿಗೆಲ್ಲ 11 ತಿಂಗಳಿಗೆ ಮುಗಿಯುವ ಕರಾರುಪತ್ರ ಗೊತ್ತು. “ಕರಾರು ಮುಗೀತು” ಅಂದರೆ ಮುಂದೇನು ಅಂತ ತಾನಾಗಿಯೇ ಕೇಳುತ್ತಾರೆ. ನನಗೆ ಬೇಕಾದ್ದು ಅದೇ.

ಹುಬ್ಬಳ್ಳಿಯಿಂದ

ಸಾಲ ಮಾಡಿ ಎತ್ತು ತಂದಿರುತ್ತೀರಿ. ಎತ್ತು ಸತ್ತರೂ ಕಂತು ನಿಲ್ಲುವುದಿಲ್ಲ. ‘ಡೆಡ್ ಮನಿ’ಗೆ ‘ಉಳಿದ ಕಂತು’ ಅನ್ನಿ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮಿಶಿಗನ್‌ನಿಂದ

ಹುಬ್ಬಳ್ಳಿಯವರೇ, ಇದೇ ಪದ. ಲೆಕ್ಕ ಇರುವುದೂ ಕಂತಿನಲ್ಲೇ. ಐದು ವರ್ಷದ ಕರಾರಿಗೆ 2 ಕೋಟಿ ಡಾಲರ್ ಮುಂಗಡ ಕೊಟ್ಟರು ಅನ್ನಿ. ಹಣ ಆಟಗಾರನ ಕೈಗೆ ಹೋಗಿಯಾಯಿತು, ಸಂಬಳ ಮಿತಿಯ (ತಂಡ ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕು ಎಂಬ ಲೀಗಿನ ನಿಯಮ) ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 40 ಲಕ್ಷದ ಹಾಗೆ ಬರೆಯುತ್ತಾರೆ. ಎರಡು ವರ್ಷಕ್ಕೆ ಕೈಬಿಟ್ಟರೆ ಉಳಿದ 1.2 ಕೋಟಿ ತಲೆಯ ಮೇಲೆ ಬೀಳುತ್ತದೆ. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಕೈಬಿಟ್ಟಾಗ ಡೆನ್ವರ್ ತಂಡಕ್ಕೆ ಹೀಗೆ ಬಿದ್ದದ್ದು 8.5 ಕೋಟಿ, ಎರಡು ವರ್ಷಕ್ಕೆ ಹಂಚಿ. ಆ ವರ್ಷ ಪ್ರತಿ ತಂಡಕ್ಕೆ ಇದ್ದ ಮಿತಿ 25.54 ಕೋಟಿ.

ತಲೆಬರಹ ಹೀಗೆ ಹೋಗುತ್ತಿದೆ: ‘ಕರಾರು ಮುಗಿದವರ ಮಾರ್ಚ್: ಸೋತ ತಂಡ ಯಾರನ್ನು ಕರೆಯಬೇಕು?’ ಒಳಗೆ ಕರಾರು ಮುಗಿದವರು, ತಂಡ ಕೈಬಿಟ್ಟವರು, ಮುಂಗಡ, ಉಳಿದ ಕಂತು, ಸರದಿ. ಫುಟ್‌ಬಾಲ್, ಡ್ರಾಫ್ಟ್, ಟಚ್‌ಡೌನ್ ಇದ್ದ ಹಾಗೇ ಇವೆ. ಆಟಗಾರನ ಏಜೆಂಟ್ ಏಜೆಂಟೇ.

ಶಿವಮೊಗ್ಗದಿಂದ

ಒಪ್ಪಂದ ಅಂತ ಹಾಕಬಹುದಿತ್ತು. ಉಳಿದ ಕಂತು ಚೆನ್ನಾಗಿದೆ.

ಮಿಶಿಗನ್‌ನಿಂದ

ಉಡುಪಿಯವರೇ, ಗೆಜ್ಜೆ ಬಿಚ್ಚುವ ಮಾತನ್ನು ನಿಮ್ಮ ಊರಿನ ಹೆಸರು ಹೇಳಿ ಮೊದಲ ಪ್ಯಾರಾದಲ್ಲೇ ಹಾಕಿದ್ದೇನೆ. ‘ಪತ್ತನಾಜೆ’ ಕಾಗುಣಿತ ಸರಿ ಇದೆಯಾ? ಇನ್ನೊಂದು ಗಂಟೆಯಲ್ಲಿ ಪುಟ ಹೋಗುತ್ತದೆ.

ಉಡುಪಿಯಿಂದ

ಸರಿ ಇದೆ. ಅಚ್ಚಾದ ಮೇಲೆ ಒಂದು ಪ್ರತಿ ಕಳಿಸಿ.